ರಸ್ತೆಯ ಹಕ್ಕು ಮತ್ತು ಬೀದಿಯ ಕಸದ ತೊಟ್ಟಿ

ಬೀದಿಯ ತಿರುವಿನಲ್ಲಿರುವ ಕಸದ ತೊಟ್ಟಿ ತುಂಬಿ ನಾಲ್ಕು ದಿನಗಳಾಗಿವೆ. ಅದರ ತಳ ತುಕ್ಕು ಹಿಡಿದು ಒಡೆದಿದೆ. ಒಳಗಿದ್ದುದಕ್ಕಿಂತ ಹೆಚ್ಚು ಕಸ ಹೊರಗೆ ಚೆಲ್ಲಿದೆ. ನಾಯಿಗಳು ಕವರುಗಳನ್ನು ಹರಿದು ಹಾಕಿವೆ, ಹಸುವೊಂದು ಅನ್ನದ ಜೊತೆಗೆ ಪ್ಲಾಸ್ಟಿಕ್ಕನ್ನೂ ನುಂಗುತ್ತಿದೆ. ಅದೇ ದಾರಿಯಾಗಿ ಶಾಲೆಯ ಮಕ್ಕಳು ಹೋಗುತ್ತಾರೆ. ಫಜ್ರ್ ನಮಾಝಿಗೆ ಹೊರಟವರೂ ಹೋಗುತ್ತಾರೆ. ವುಝೂ ಮಾಡಿ ಬಂದ ಸಹೋದರರೊಬ್ಬರು ಬಟ್ಟೆಗೆ ತಾಗದಂತೆ ಲುಂಗಿಯನ್ನು ಸ್ವಲ್ಪ ಮೇಲೆತ್ತಿ, ಮೂಗು ಮುಚ್ಚಿಕೊಂಡು ಆ ಜಾಗವನ್ನು ದಾಟಿ ಮಸೀದಿ ಸೇರುತ್ತಾರೆ. ಮರುದಿನವೂ ಹಾಗೆಯೇ. ಅದರ ಮರುದಿನವೂ ಹಾಗೆಯೇ.

ಅವರನ್ನು ಕೇಳಿದರೆ, "ಅದು ಪಂಚಾಯತಿಯ ಕೆಲಸ, ನಮಗೇಕೆ ಊರ ಉಸಾಬರಿ?" ಎನ್ನುತ್ತಾರೆ. ಪಂಚಾಯತಿಗೆ ತಿಳಿಸಿದ್ದೀರಾ ಎಂದು ಕೇಳಿದರೆ, "ಯಾರಾದರೂ ಹೇಳಿರುತ್ತಾರೆ ಬಿಡಿ" ಎನ್ನುತ್ತಾರೆ. ಆ 'ಯಾರಾದರೂ' ಯಾರು ಎಂಬುದು ಆ ಬೀದಿಯಲ್ಲಿ ಯಾರಿಗೂ ಗೊತ್ತಿಲ್ಲ!

ಇದೊಂದು ಸಣ್ಣ ವಿಷಯವೆಂದು ನಮಗೆ ಅನಿಸಬಹುದು. ಆದರೆ ಇಸ್ಲಾಮ್ ಇದನ್ನು ಎಲ್ಲಿ ಇರಿಸಿದೆ ಎಂದು ನೋಡಿದರೆ ಅದು ಸಣ್ಣದಾಗಿ ಉಳಿಯುವುದಿಲ್ಲ.

ಈಮಾನಿನ ಒಂದು ಶಾಖೆ

ಈಮಾನಿಗೆ ಎಪ್ಪತ್ತಕ್ಕೂ ಮಿಕ್ಕಿದ ಶಾಖೆಗಳಿವೆ ಎಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಅವುಗಳಲ್ಲಿ ಅತ್ಯುನ್ನತವಾದುದು ಅಲ್ಲಾಹನ ಹೊರತು ಅನ್ಯ ಆರಾಧ್ಯನಿಲ್ಲ ಎಂಬ ವಚನ. ಅತ್ಯಂತ ಕೆಳಗಿನದು ದಾರಿಯಿಂದ ತೊಂದರೆಯ ವಸ್ತುವನ್ನು ನಿವಾರಿಸುವುದು. ಹ. ಅಬೂಹುರೈರಾ(ರ) ವರದಿ ಮಾಡಿರುವ ಈ ಹದೀಸನ್ನು ನಾವು ಮದ್ರಸದಲ್ಲೇ ಕಲಿತಿದ್ದೇವೆ. ಆದರೆ 'ಕೆಳಗಿನದು' ಎಂಬ ಮಾತನ್ನು ನಾವು 'ಬಿಟ್ಟರೂ ನಡೆಯುತ್ತದೆ' ಎಂದು ಅರ್ಥ ಮಾಡಿಕೊಂಡಂತಿದೆ. ಮೆಟ್ಟಿಲುಗಳ ಸಾಲಿನಲ್ಲಿ ಅತ್ಯಂತ ಕೆಳಗಿನ ಮೆಟ್ಟಿಲನ್ನು ಬಿಟ್ಟು ಮೇಲೇರುವವರು ಯಾರು?

ದಾರಿಗೆ ಅಡ್ಡವಾಗಿದ್ದ ಮುಳ್ಳಿನ ಕೊಂಬೆಯೊಂದನ್ನು ತೆಗೆದು ಬದಿಗಿರಿಸಿದ ವ್ಯಕ್ತಿಯನ್ನು ಅಲ್ಲಾಹನು ಮೆಚ್ಚಿ ಕ್ಷಮಿಸಿದ ಘಟನೆಯನ್ನೂ ಪ್ರವಾದಿವರ್ಯರು(ಸ) ತಿಳಿಸಿದ್ದಾರೆ (ಬುಖಾರಿ, ಮುಸ್ಲಿಮ್). ಜನರು ನಡೆಯುವ ದಾರಿಯಲ್ಲಿ ಹಾಗೂ ಅವರು ವಿಶ್ರಮಿಸುವ ನೆರಳಿನಲ್ಲಿ ಹೊಲಸು ಮಾಡುವುದು ಶಾಪವನ್ನು ಬರಮಾಡಿಕೊಳ್ಳುವ ಕೃತ್ಯವೆಂದು ಎಚ್ಚರಿಸಿದ್ದಾರೆ (ಮುಸ್ಲಿಮ್). ರಸ್ತೆ ಬದಿಯಲ್ಲಿ ಕುಳಿತುಕೊಳ್ಳುವುದನ್ನು ಬಿಡಲಾಗದಿದ್ದರೆ ರಸ್ತೆಗೆ ಅದರ ಹಕ್ಕನ್ನು ಕೊಡಿರೆಂದು ಸಹಾಬಿಗಳಿಗೆ ಆದೇಶಿಸಿದ್ದಾರೆ. ಆ ಹಕ್ಕು ಏನೆಂದು ಕೇಳಿದಾಗ ದೃಷ್ಟಿ ತಗ್ಗಿಸುವುದು, ತೊಂದರೆಯನ್ನು ತಡೆಯುವುದು, ಸಲಾಮಿಗೆ ಉತ್ತರಿಸುವುದು, ಒಳಿತನ್ನು ಆದೇಶಿಸುವುದು ಮತ್ತು ಕೆಡುಕನ್ನು ವಿರೋಧಿಸುವುದು ಎಂದು ವಿವರಿಸಿದ್ದಾರೆ (ಬುಖಾರಿ, ಮುಸ್ಲಿಮ್). ರಸ್ತೆಗೂ ನಮ್ಮ ಮೇಲೆ ಹಕ್ಕಿದೆ ಎಂದು ಕಲಿಸಿದ ಧರ್ಮದ ಅನುಯಾಯಿಗಳು ನಾವು!

ಮುಳ್ಳಿನ ಕೊಂಬೆಯನ್ನು ಒಬ್ಬನೇ ಕೈಯಿಂದ ತೆಗೆಯಬಹುದು. ಆದರೆ ತಳ ಒಡೆದ ತೊಟ್ಟಿಯನ್ನು, ವಾರದಿಂದ ಕೊಳೆಯುತ್ತಿರುವ ಕಸದ ರಾಶಿಯನ್ನು ಒಬ್ಬನೇ ನಿವಾರಿಸಲಾರ. ಇಲ್ಲಿ ಇನ್ನೊಂದು ಹದೀಸ್ ನೆನಪಾಗಬೇಕು. ಕೆಡುಕನ್ನು ಕಂಡವನು ಕೈಯಿಂದ ಅದನ್ನು ಬದಲಾಯಿಸಬೇಕು, ಆಗದಿದ್ದರೆ ನಾಲಗೆಯಿಂದ, ಅದೂ ಆಗದಿದ್ದರೆ ಮನಸ್ಸಿನಿಂದಾದರೂ ಅದನ್ನು ದ್ವೇಷಿಸಬೇಕು, ಈ ಕೊನೆಯದು ಈಮಾನಿನ ಅತ್ಯಂತ ದುರ್ಬಲ ಸ್ಥಿತಿ (ಮುಸ್ಲಿಮ್). ತೊಟ್ಟಿಯನ್ನು ಬದಲಿಸುವ ಅಧಿಕಾರ ಇರುವುದು ಪಂಚಾಯತಿಯ ಕೈಯಲ್ಲಿ. ಆ ಕೈಗೆ ವಿಷಯ ಮುಟ್ಟಿಸುವುದು ನಮ್ಮ ನಾಲಗೆಯ ಕೆಲಸ. ಮೂಗು ಮುಚ್ಚಿಕೊಂಡು ದಾಟುವವನು ಮೂರನೆಯ ಸ್ಥಾನದಲ್ಲಿ ನಿಂತಿದ್ದಾನೆ, ಆದರೆ ಅವನಿಗೆ ಎರಡನೆಯದು ಅಸಾಧ್ಯವಾಗಿರಲಿಲ್ಲ.

ಹಡಗಿನ ಉಪಮೆ ಮತ್ತು ಕಾವೇರಿ

ಹ. ನುಅ್‌ಮಾನ್ ಬಿನ್ ಬಶೀರ್(ರ) ವರದಿ ಮಾಡಿರುವ ಹಡಗಿನ ಉಪಮೆ ಪ್ರಸಿದ್ಧವಾದುದು. ಒಂದೇ ಹಡಗಿನಲ್ಲಿ ಚೀಟಿ ಎತ್ತಿ ಕೆಲವರು ಮೇಲಂತಸ್ತನ್ನು, ಕೆಲವರು ಕೆಳಗಿನದನ್ನು ಪಡೆದರು. ಕೆಳಗಿನವರು ನೀರಿಗಾಗಿ ಮೇಲಿನವರ ಬಳಿಗೆ ಹೋಗಬೇಕಿತ್ತು. ಮೇಲಿನವರಿಗೆ ತೊಂದರೆ ಕೊಡುವುದೇಕೆಂದು ತಮ್ಮ ಭಾಗದಲ್ಲೇ ರಂಧ್ರ ಕೊರೆಯಲು ಅವರು ಹೊರಟರು. ಮೇಲಿನವರು ಸುಮ್ಮನಿದ್ದರೆ ಎಲ್ಲರೂ ಮುಳುಗುವರು, ಕೈ ಹಿಡಿದು ತಡೆದರೆ ಎಲ್ಲರೂ ಉಳಿಯುವರು (ಬುಖಾರಿ).

ಹಾಸನ ಜಿಲ್ಲೆಯ ಅರಕಲಗೂಡು ತಾಲೂಕಿನ ರಾಮನಾಥಪುರದಂಥ ಊರಿನಲ್ಲಿ ಈ ಉಪಮೆಯನ್ನು ಕಣ್ಣಾರೆ ಕಾಣಬಹುದು. ಅದು ಕಾವೇರಿಯ ದಡದಲ್ಲಿರುವ ಊರು. ತಲಕಾವೇರಿಯಲ್ಲಿ ಹುಟ್ಟಿ ಕೊಡಗನ್ನು ದಾಟಿ ಬರುವ ಹೊಳೆ ಈ ಊರನ್ನು ಹಾದು ಮುಂದೆ ಕೃಷ್ಣರಾಜಸಾಗರ ಸೇರುತ್ತದೆ. ಅದೇ ನೀರು ಮೈಸೂರು, ಮಂಡ್ಯಗಳ ದಾಹ ತಣಿಸುತ್ತದೆ. 1974ರಿಂದ ಬೆಂಗಳೂರಿನ ನಲ್ಲಿಗಳಲ್ಲೂ ಕಾವೇರಿಯೇ ಹರಿಯುತ್ತಿದ್ದಾಳೆ. ರಾಮನಾಥಪುರದಲ್ಲಿ ರಾಮೇಶ್ವರ ದೇವಾಲಯವಿದೆ, ಸುಬ್ರಹ್ಮಣ್ಯ ದೇವಾಲಯವಿದೆ, ಷಷ್ಠಿಯ ಜಾತ್ರೆಗೆ ಸುತ್ತಣ ಊರುಗಳಿಂದ ಸಾವಿರಾರು ಮಂದಿ ಬರುತ್ತಾರೆ. ಹೊಳೆಯ ವಹ್ನಿ ಪುಷ್ಕರಿಣಿ ಎಂಬ ಮಡುವಿನಲ್ಲಿ ಮೀನುಗಳನ್ನು ಹಿಡಿಯದೆ ಕಾಪಾಡಿಕೊಂಡು ಬರಲಾಗಿದೆ. ತಂಬಾಕಿನ ಹರಾಜು ಮಾರುಕಟ್ಟೆಯೂ ಅಲ್ಲಿರುವುದರಿಂದ ರೈತರ ಓಡಾಟವೂ ಇದೆ. ಇಷ್ಟು ಜನ ಬಂದುಹೋಗುವ ಇಂತಹ ಯಾವುದೇ ಊರಿನಲ್ಲಿ ಒಂದು ತೊಟ್ಟಿ ತುಂಬಿ ಚೆಲ್ಲಿದರೆ ಅದು ಎಲ್ಲಿಗೆ ಹೋಗುತ್ತದೆ? ಮೊದಲು ಚರಂಡಿಗೆ, ಮಳೆ ಬಂದೊಡನೆ ಚರಂಡಿಯಿಂದ ಹೊಳೆಗೆ, ಹೊಳೆಯಿಂದ ಕೆಳಗಿನ ಊರಿನವರ ಬಿಂದಿಗೆಗೆ.

ಮೇಲಿನ ಊರಿನವನು ಕೆಳಗಿನ ಊರಿನವನ ಹೆಸರನ್ನು ಕೇಳಿರುವುದಿಲ್ಲ. ಆದರೂ ಇವರಿಬ್ಬರೂ ಒಂದೇ ಹಡಗಿನಲ್ಲಿದ್ದಾರೆ. ನಮ್ಮ ಹಿಂದೂ ಬಾಂಧವರಿಗೆ ಈ ಹೊಳೆ ಪವಿತ್ರ. ನಮಗೆ ನೀರು ಅಲ್ಲಾಹನ ಅನುಗ್ರಹ, ನಮ್ಮ ವುಝೂವಿನ ಸಾಧನ. ಕಾರಣಗಳು ಬೇರೆ ಇರಬಹುದು, ಆದರೆ ಅದನ್ನು ಕಾಪಾಡುವ ಹೊಣೆಯಲ್ಲಿ ಇಬ್ಬರೂ ಪಾಲುದಾರರು. ರೋಗಕ್ಕೂ ಜಾತಿ ಮತಗಳ ಪರಿಚಯವಿಲ್ಲ. 1994ರಲ್ಲಿ ಗುಜರಾತಿನ ಸೂರತ್ತಿನಲ್ಲಿ ಪ್ಲೇಗು ಕಾಣಿಸಿಕೊಂಡಾಗ ಕೊಳೆತ ಕಸದ ನಡುವಿನಿಂದ ಲಕ್ಷಾಂತರ ಜನ ಊರು ಬಿಟ್ಟು ಓಡಿದರು. ಅವರಲ್ಲಿ ಎಲ್ಲ ಮತದವರೂ ಇದ್ದರು.

ಮೊದಲು ನಮ್ಮ ಕೈ

ದೂರು ಕೊಡಲು ಹೊರಡುವವನು ಮೊದಲು ತನ್ನ ಕೈಯನ್ನೇ ನೋಡಿಕೊಳ್ಳಬೇಕು. ನ್ಯಾಯದ ಸಾಕ್ಷಿಗಳಾಗಿ ನಿಲ್ಲಿರಿ, ಅದು ನಿಮ್ಮ ವಿರುದ್ಧವೇ ಆಗಿದ್ದರೂ ಸರಿ ಎಂಬುದು ಪವಿತ್ರ ಕುರ್‌ಆನಿನ ಆದೇಶ (4:135). ತೊಟ್ಟಿಯ ಬಳಿಗೆ ಹೋಗುವ ತೊಂದರೆ ಬೇಡವೆಂದು ಬೈಕಿನಿಂದಲೇ ಕವರನ್ನು ಬೀಸಿ ಎಸೆಯುವವರು ಯಾರು? ಕೋಳಿ ಅಂಗಡಿಯ ಪುಕ್ಕ, ಕರುಳುಗಳನ್ನು ರಾತ್ರಿ ಚೀಲದಲ್ಲಿ ತುಂಬಿ ಬೀದಿಯ ತೊಟ್ಟಿಗೆ ಸುರಿಯುವವರು ಯಾರು? ಬಕ್ರೀದಿನ ದಿನ ಖುರ್ಬಾನಿಯ ಮಾಂಸವನ್ನು ಬಡವರಿಗೆ ಹಂಚಿ, ಅದರ ತ್ಯಾಜ್ಯವನ್ನು ನೆರೆಯವನ ಮನೆಯ ಮುಂದಿನ ತೊಟ್ಟಿಗೆ ಹಂಚುವವರು ಯಾರು? ಮದುವೆ ಮಂಟಪದ ಎಲೆ, ಲೋಟಗಳನ್ನು ಹೊಳೆಯ ದಂಡೆಯಲ್ಲಿ ಸುರಿದು ಬರುವ ಗಾಡಿ ಯಾರದು? ಇವರೆಲ್ಲರೂ ಒಂದೇ ಸಮುದಾಯದವರಲ್ಲ. ಆದರೆ ಇವರಲ್ಲಿ ನಮ್ಮವರೂ ಇದ್ದಾರೆಂಬುದನ್ನು ಒಪ್ಪಿಕೊಳ್ಳದೆ ನಮ್ಮ ಮಾತಿಗೆ ತೂಕ ಬರಲಾರದು.

ಹಿ. 505ರಲ್ಲಿ (ಕ್ರಿ.ಶ. 1111) ನಿಧನರಾದ ಇಮಾಮ್ ಗಝ್ಝಾಲಿಯವರು ತಮ್ಮ 'ಇಹ್ಯಾ ಉಲೂಮುದ್ದೀನ್' ಎಂಬ ಮಹಾಗ್ರಂಥದಲ್ಲಿ ಬೀದಿಗಳಲ್ಲಿ ಕಂಡುಬರುವ ಕೆಡುಕುಗಳನ್ನು ಪ್ರತ್ಯೇಕವಾಗಿ ಪಟ್ಟಿ ಮಾಡಿದ್ದಾರೆ. ದಾರಿಯಲ್ಲಿ ಕಸ ಸುರಿಯುವುದು, ಕಲ್ಲಂಗಡಿಯ ಸಿಪ್ಪೆಗಳನ್ನು ಚೆಲ್ಲುವುದು, ಜನ ಜಾರಿ ಬೀಳುವಂತೆ ನೀರೆರಚುವುದು ಇವೆಲ್ಲ ಅದರಲ್ಲಿವೆ. ಕಸಾಯಿಯವನು ಅಂಗಡಿಯ ಬಾಗಿಲಲ್ಲೇ ಕೊಯ್ದು ದಾರಿಯನ್ನು ರಕ್ತದಿಂದ ಮಲಿನಗೊಳಿಸುವುದೂ ಅದರಲ್ಲಿದೆ. ಅವನು ತನ್ನ ಅಂಗಡಿಯೊಳಗೇ ಅದಕ್ಕೆ ಸ್ಥಳ ಮಾಡಿಕೊಳ್ಳಬೇಕೆಂದು ಇಮಾಮರು ಹೇಳುತ್ತಾರೆ. ಒಂಬೈನೂರು ವರ್ಷಗಳ ಹಿಂದೆ ಬರೆದ ಈ ಪಟ್ಟಿ ಇಂದಿನ ನಮ್ಮ ಮೊಹಲ್ಲಾವನ್ನು ನೋಡಿ ಬರೆದಂತಿದೆ!

ಆದುದರಿಂದ ಮೊದಲ ಪಾಠ ಇದು: ಹಸಿ ಕಸವನ್ನೂ ಒಣ ಕಸವನ್ನೂ ಮನೆಯಲ್ಲೇ ಬೇರ್ಪಡಿಸಬೇಕು. ಕಸದ ಗಾಡಿ ಮನೆ ಬಾಗಿಲಿಗೆ ಬರುವ ಊರಿನಲ್ಲಿ ಅದಕ್ಕೇ ಕೊಡಬೇಕು. ಖುರ್ಬಾನಿಯ ತ್ಯಾಜ್ಯದ ವಿಲೇವಾರಿಯ ಬಗ್ಗೆ ಮಸೀದಿಯ ಜಮಾಅತಿನವರು ಹಬ್ಬಕ್ಕೆ ವಾರ ಮೊದಲೇ ಪಂಚಾಯತಿಯೊಡನೆ ಮಾತಾಡಿ ಸ್ಥಳ ಗೊತ್ತುಮಾಡಬೇಕು.

ದೂರು ಪರದೂಷಣೆಯಲ್ಲ

ಕೆಲವು ಧರ್ಮನಿಷ್ಠರು ಇನ್ನೊಂದು ಕಾರಣದಿಂದ ಹಿಂಜರಿಯುತ್ತಾರೆ. ಒಬ್ಬರ ಲೋಪವನ್ನು ಇನ್ನೊಬ್ಬರ ಬಳಿ ಹೇಳುವುದು ಗೀಬತ್, ಅಂದರೆ ಪರದೂಷಣೆ ಆಗುವುದಿಲ್ಲವೇ ಎಂಬುದು ಅವರ ಶಂಕೆ. ಶಂಕೆ ಒಳ್ಳೆಯದೇ, ಆದರೆ ಅದಕ್ಕೆ ಉತ್ತರವಿದೆ. ಕೆಡುಕಿನ ಮಾತನ್ನು ಬಹಿರಂಗವಾಗಿ ಆಡುವುದನ್ನು ಅಲ್ಲಾಹನು ಮೆಚ್ಚುವುದಿಲ್ಲ, ಅನ್ಯಾಯಕ್ಕೊಳಗಾದವನ ಹೊರತು ಎಂದು ಪವಿತ್ರ ಕುರ್‌ಆನ್ ಅಪವಾದವನ್ನಿರಿಸಿದೆ (4:148). ಇಮಾಮ್ ನವವಿಯವರು 'ರಿಯಾದುಸ್ಸಾಲಿಹೀನ್'ನಲ್ಲಿ ಪರದೂಷಣೆ ಎನಿಸದ ಆರು ಸಂದರ್ಭಗಳನ್ನು ಎಣಿಸುವಾಗ, ಪರಿಹಾರ ಕೊಡಬಲ್ಲ ಅಧಿಕಾರಿಯ ಬಳಿ ಅನ್ಯಾಯವನ್ನು ಹೇಳಿಕೊಳ್ಳುವುದನ್ನು ಮೊದಲಿಗೇ ಹೇಳಿದ್ದಾರೆ.

ಪವಿತ್ರ ಕುರ್‌ಆನಿನ 58ನೆಯ ಅಧ್ಯಾಯ ಆರಂಭವಾಗುವುದೇ ಒಬ್ಬ ಮಹಿಳೆಯ ದೂರಿನಿಂದ. ಹ. ಖೌಲಾ ಬಿಂತ್ ಸಅ್‌ಲಬಾ(ರ) ತನ್ನ ಪತಿಯಿಂದಾದ ಅನ್ಯಾಯವನ್ನು ಪ್ರವಾದಿವರ್ಯರ(ಸ) ಮುಂದೆ ತೋಡಿಕೊಂಡು ವಾದಿಸಿದರು. ಅವರ ಮಾತನ್ನು ಅಲ್ಲಾಹನು ಆಲಿಸಿದನು, ಪರಿಹಾರವನ್ನೂ ಅವತೀರ್ಣಗೊಳಿಸಿದನು. ಒಬ್ಬ ಸಾಮಾನ್ಯ ಸ್ತ್ರೀಯ ದೂರು ಕಿಯಾಮತ್‌ನ ವರೆಗೆ ಪಠಿಸಲ್ಪಡುವ ವಚನಗಳಿಗೆ ಕಾರಣವಾಯಿತು. ಹೀಗಿರುವಾಗ ತೊಟ್ಟಿಯ ಬಗ್ಗೆ ಪಂಚಾಯತಿಗೆ ಹೇಳಲು ಮುಂದಾದ ಸಹೋದರಿಗೆ "ನಿನಗೇಕಮ್ಮ ಇದೆಲ್ಲ?" ಎನ್ನುವ ಅಧಿಕಾರ ನಮಗೆಲ್ಲಿದೆ? ಆ ಹೊಲಸನ್ನು ದಿನವಿಡೀ ಸಹಿಸುವವರು ಹೆಚ್ಚಾಗಿ ಅವರೇ ತಾನೇ!

ಆದರೆ ದೂರಿಗೂ ಮಿತಿಯಿದೆ. ಕೂಫಾದ ಕೆಲವರು ತಮ್ಮ ರಾಜ್ಯಪಾಲ ಹ. ಸಅ್‌ದ್ ಬಿನ್ ಅಬೀ ವಕ್ಕಾಸ್‌ರ(ರ) ಮೇಲೆ ಖಲೀಫಾ ಹ. ಉಮರ್‌ರಿಗೆ(ರ) ದೂರು ಕೊಟ್ಟರು. ಅವರು ಸರಿಯಾಗಿ ನಮಾಝ್ ಮಾಡಿಸುವುದಿಲ್ಲ ಎಂಬಲ್ಲಿಯ ವರೆಗೂ ಹೇಳಿದರು. ಹ. ಉಮರ್(ರ) ಆ ದೂರನ್ನು ಕಡೆಗಣಿಸಲಿಲ್ಲ. ಸಅ್‌ದ್‌ರನ್ನು(ರ) ಕರೆಸಿ ವಿಚಾರಿಸಿದರು, ಕೂಫಾಕ್ಕೆ ಜನ ಕಳುಹಿಸಿ ಮಸೀದಿ ಮಸೀದಿಗಳಲ್ಲೂ ಕೇಳಿಸಿದರು. ಎಲ್ಲರೂ ಸಅ್‌ದ್‌ರನ್ನು(ರ) ಹೊಗಳಿದರು. ಒಂದು ಮಸೀದಿಯಲ್ಲಿ ಮಾತ್ರ ಒಬ್ಬನು ಎದ್ದು ಸುಳ್ಳಾರೋಪ ಹೊರಿಸಿದನು. ಇವನು ಸುಳ್ಳುಗಾರನಾಗಿದ್ದು, ಜನ ನೋಡಲಿ, ಹೆಸರು ಬರಲಿ ಎಂದು ಎದ್ದು ನಿಂತವನಾಗಿದ್ದರೆ ಇವನ ಆಯುಷ್ಯವನ್ನೂ ಬಡತನವನ್ನೂ ದೀರ್ಘಗೊಳಿಸಿ ಇವನನ್ನು ಪರೀಕ್ಷೆಗಳಿಗೆ ಒಡ್ಡು ಎಂದು ಸಅ್‌ದ್(ರ) ಪ್ರಾರ್ಥಿಸಿದರು. ಆ ಪ್ರಾರ್ಥನೆ ತನಗೆ ತಗುಲಿತೆಂದು ಅವನೇ ಮುಪ್ಪಿನಲ್ಲಿ ಹೇಳಿಕೊಳ್ಳುತ್ತಿದ್ದನು (ಬುಖಾರಿ).

ಈ ಘಟನೆಯಲ್ಲಿ ಇಬ್ಬರಿಗೂ ಪಾಠವಿದೆ. ದೂರು ಬಂದಾಗ ಸ್ಥಳಕ್ಕೆ ಹೋಗಿ ವಿಚಾರಿಸುವುದು ಅಧಿಕಾರಿಯ ಕರ್ತವ್ಯ. ಹೆಸರಿಗಾಗಿ, ಹಗೆಗಾಗಿ ದೂರು ಕೊಡದಿರುವುದು ಪ್ರಜೆಯ ಕರ್ತವ್ಯ. ತೊಟ್ಟಿಯ ಚಿತ್ರವನ್ನು ಮೊಬೈಲಿನಲ್ಲಿ ತೆಗೆದು ನಾಲ್ಕು ಗುಂಪುಗಳಿಗೆ ಕಳುಹಿಸಿ ಪಂಚಾಯತಿಯವರನ್ನು ಹಂಗಿಸುವುದು, ಆದರೆ ಅದೇ ಚಿತ್ರವನ್ನು ಪಂಚಾಯತಿಗೆ ಮಾತ್ರ ಕೊಡದಿರುವುದು ದೂರಲ್ಲ. ಅದು ಪರಿಹಾಸ್ಯ. ಅದನ್ನು ಕುರ್‌ಆನ್ ನಿಷೇಧಿಸಿದೆ (49:11).

ದೂರು ಕೊಡುವ ರೀತಿ

ಮೊದಲನೆಯದಾಗಿ, ಖಚಿತಪಡಿಸಿಕೊಳ್ಳಿರಿ. ಸುದ್ದಿ ಬಂದಾಗ ಪರಿಶೀಲಿಸಿರೆಂಬುದು ಕುರ್‌ಆನಿನ ಆಜ್ಞೆ (49:6). ತೊಟ್ಟಿ ಎಲ್ಲಿದೆ, ಎಷ್ಟು ದಿನದಿಂದ ಕಸ ಎತ್ತಿಲ್ಲ, ಅದು ಒಡೆದಿದೆಯೇ ಅಥವಾ ಸಾಲದಾಗಿದೆಯೇ, ಅದರಿಂದ ಯಾರಿಗೆ ತೊಂದರೆ ಎಂಬುದನ್ನು ಸ್ವತಃ ನೋಡಿರಿ.

ಎರಡನೆಯದಾಗಿ, ಹೊಣೆಯಿರುವವರಿಗೇ ಹೇಳಿರಿ. ಗ್ರಾಮ ಪಂಚಾಯತಿಯ ಊರಿನಲ್ಲಿ ನಿಮ್ಮ ವಾರ್ಡಿನ ಸದಸ್ಯರು ಮತ್ತು ಪಂಚಾಯತಿ ಅಭಿವೃದ್ಧಿ ಅಧಿಕಾರಿ, ಅಂದರೆ ಪಿಡಿಓ. ಅರಕಲಗೂಡಿನಂಥ ಪಟ್ಟಣ ಪಂಚಾಯತಿಯಲ್ಲಿ, ಹೊಳೆನರಸೀಪುರ, ಚನ್ನರಾಯಪಟ್ಟಣದಂಥ ಪುರಸಭೆಗಳಲ್ಲಿ ಆರೋಗ್ಯ ನಿರೀಕ್ಷಕರು ಮತ್ತು ಮುಖ್ಯಾಧಿಕಾರಿ. ಕಸ ಎತ್ತುವ ಕಾರ್ಮಿಕನನ್ನು ಬೀದಿಯಲ್ಲಿ ನಿಲ್ಲಿಸಿ ಗದರಿಸಿದರೆ ತೊಟ್ಟಿ ಬದಲಾಗದು.

ಮೂರನೆಯದಾಗಿ, ಬರವಣಿಗೆಯಲ್ಲಿ ಕೊಡಿರಿ. ಸಾಲದ ವ್ಯವಹಾರವನ್ನು ಬರೆದಿಡಿರೆಂದು ಕುರ್‌ಆನ್ ಆದೇಶಿಸಿದೆ (2:282). ಬಾಯಿಮಾತು ಮರೆತುಹೋಗುತ್ತದೆ, ಕಾಗದ ಉಳಿಯುತ್ತದೆ. ಅರ್ಜಿ ಅರ್ಧ ಪುಟವಿದ್ದರೆ ಸಾಕು. "ನೀವೆಲ್ಲ ತಿಂದು ತೇಗುವವರು" ಎಂದು ಆರಂಭಿಸಿದ ಅರ್ಜಿಯನ್ನು ಯಾರೂ ಕೊನೆಯ ವರೆಗೆ ಓದುವುದಿಲ್ಲ. "ಇಂತಹ ಬೀದಿಯ, ಶಾಲೆಯ ಪಕ್ಕದ ತೊಟ್ಟಿಯ ತಳ ಒಡೆದಿದೆ. ಇಂತಹ ದಿನದಿಂದ ಕಸ ಎತ್ತಿಲ್ಲ. ದಯವಿಟ್ಟು ಕಸ ತೆಗೆಸಿ, ತೊಟ್ಟಿಯನ್ನು ಬದಲಿಸಿ, ವಾರದಲ್ಲಿ ಎಷ್ಟು ಸಲ ಗಾಡಿ ಬರುವುದೆಂದು ತಿಳಿಸಿರಿ" ಎಂದು ಬರೆದರೆ ಮಾಡಬೇಕಾದುದು ಸ್ಪಷ್ಟವಾಗುತ್ತದೆ. ಫಿರ್‌ಔನನಂಥವನ ಬಳಿಗೂ ಮೃದುವಾಗಿ ಮಾತಾಡಿರೆಂದು ಹೇಳಿಯೇ ಅಲ್ಲಾಹನು ಹ. ಮೂಸಾ(ಅ) ಮತ್ತು ಹ. ಹಾರೂನ್‌ರನ್ನು(ಅ) ಕಳುಹಿಸಿದನು (20:44). ನಮ್ಮ ಪಿಡಿಓ ಫಿರ್‌ಔನನಲ್ಲ, ನಾವು ಮೂಸಾ ಅಲ್ಲ.

ನಾಲ್ಕನೆಯದಾಗಿ, ಸ್ವೀಕೃತಿ ಪಡೆಯಿರಿ. ಅರ್ಜಿಯ ಪ್ರತಿಯ ಮೇಲೆ ಮೊಹರು ಮತ್ತು ದಿನಾಂಕ ಹಾಕಿಸಿಕೊಳ್ಳಿರಿ, ಹಿಂಬರಹ ಕೇಳಿರಿ. ನೆರೆಹೊರೆಯ ಎಲ್ಲ ಮತದವರ ಸಹಿಯೂ ಇರಲಿ. ಒಬ್ಬನ ಸಹಿಯನ್ನು ಗುಂಪಿನ ಜಗಳವೆಂದು ತಳ್ಳಿಹಾಕಬಹುದು, ಇಡೀ ಬೀದಿಯ ಸಹಿಯನ್ನಲ್ಲ.

ಐದನೆಯದಾಗಿ, ಸಬ್ರ್ ಇರಲಿ. ಒಮ್ಮೆ ಹೇಳಿ ಕೈಬಿಡುವುದು ತಾಳ್ಮೆಯಲ್ಲ. ಮತ್ತೆ ಮತ್ತೆ ಶಾಂತವಾಗಿ ಹೇಳುವುದು ತಾಳ್ಮೆ. ಕರ್ನಾಟಕದ 1993ರ ಪಂಚಾಯತ್ ರಾಜ್ ಕಾನೂನಿನ ಪ್ರಕಾರ ಎರಡು ಗ್ರಾಮಸಭೆಗಳ ನಡುವೆ ಆರು ತಿಂಗಳಿಗಿಂತ ಹೆಚ್ಚು ಅಂತರ ಇರಕೂಡದು. ಅಲ್ಲಿ ಎದ್ದು ಮಾತಾಡುವುದು ಪ್ರತಿಯೊಬ್ಬ ಮತದಾರನ ಹಕ್ಕು. ಪಂಚಾಯತಿಯಲ್ಲಿ ಆಗದಿದ್ದರೆ ತಾಲೂಕು ಪಂಚಾಯತಿಯ ಕಾರ್ಯನಿರ್ವಹಣಾಧಿಕಾರಿಗಳಿದ್ದಾರೆ, ಜಿಲ್ಲಾ ಪಂಚಾಯತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳಿದ್ದಾರೆ. ಸರಕಾರದ ಅಹವಾಲು ಸ್ವೀಕಾರಕ್ಕೆ 1902 ಎಂಬ ದೂರವಾಣಿ ಸಂಖ್ಯೆಯಿದೆ. 2005ರ ಮಾಹಿತಿ ಹಕ್ಕು ಕಾನೂನಿನಂತೆ ಹತ್ತು ರೂಪಾಯಿ ಶುಲ್ಕ ಕೊಟ್ಟು ನಿಮ್ಮ ಅರ್ಜಿ ಏನಾಯಿತೆಂದು ಕೇಳಿದರೆ ಮೂವತ್ತು ದಿನಗಳೊಳಗೆ ಉತ್ತರ ಕೊಡಬೇಕಾಗುತ್ತದೆ.

ಒಂದು ದೂರು ಏನು ಮಾಡಬಲ್ಲುದು?

"ಹೇಳಿದರೆ ಏನಾಗುತ್ತದೆ? ಹಣವಿಲ್ಲ ಎನ್ನುತ್ತಾರೆ" ಎಂಬುದು ನಿರಾಶೆಯ ಮಾತು. ಮಧ್ಯಪ್ರದೇಶದ ರತ್ಲಾಮ್ ಪಟ್ಟಣದ ನಿವಾಸಿಗಳಿಗೂ ಇದೇ ಉತ್ತರ ಸಿಕ್ಕಿತ್ತು. ತೆರೆದ ಚರಂಡಿ, ಹೊಲಸು, ಸೊಳ್ಳೆಗಳ ಕಾಟ ತಾಳಲಾರದೆ ಅವರು ದಂಡಾಧಿಕಾರಿಗೆ ದೂರು ಕೊಟ್ಟರು. ಸರಿಪಡಿಸಬೇಕೆಂದು ಆಜ್ಞೆಯಾಯಿತು. ಪುರಸಭೆ ಹಣವಿಲ್ಲವೆಂದು ವಾದಿಸುತ್ತಾ ಸುಪ್ರೀಂ ಕೋರ್ಟಿನ ವರೆಗೆ ಹೋಯಿತು. 1980ರಲ್ಲಿ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು ಆ ವಾದವನ್ನು ತಳ್ಳಿಹಾಕಿದರು. ಜನರ ಆರೋಗ್ಯವನ್ನು ಕಾಪಾಡುವ ಮೂಲಭೂತ ಕರ್ತವ್ಯಕ್ಕೆ ಹಣದ ಕೊರತೆ ನೆಪವಾಗಲಾರದೆಂದು ತೀರ್ಪಿತ್ತರು. ಆ ನಿವಾಸಿಗಳು ಆಶ್ರಯಿಸಿದ್ದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 133ನೆಯ ಕಲಮು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೆಯ ಕಲಮಾಗಿ ಮುಂದುವರಿದಿದೆ.

ನಮ್ಮ ರಾಜ್ಯದ್ದೇ ಇನ್ನೊಂದು ಉದಾಹರಣೆಯಿದೆ. ನಗರದ ಕಸವನ್ನು ರಸ್ತೆ ಬದಿಗಳಲ್ಲೂ ಕೆರೆಗಳಲ್ಲೂ ಸುರಿಯುವುದನ್ನು ಕಂಡು ಬೆಂಗಳೂರಿನ ಅಲ್ಮಿತ್ರಾ ಪಟೇಲ್ ಎಂಬ ಮಹಿಳೆ 1996ರಲ್ಲಿ ಸುಪ್ರೀಂ ಕೋರ್ಟಿನ ಮೊರೆ ಹೊಕ್ಕರು. ಆ ಮೊಕದ್ದಮೆಯ ಫಲವಾಗಿ 2000ದಲ್ಲಿ ದೇಶದ ನಗರಗಳ ಕಸ ನಿರ್ವಹಣೆಗೆ ಮೊದಲ ಸಲ ನಿಯಮಗಳು ಬಂದವು. ಒಬ್ಬ ಮಹಿಳೆ ಮೂಗು ಮುಚ್ಚಿಕೊಂಡು ದಾಟಿ ಹೋಗಲು ಒಪ್ಪದಿದ್ದುದರಿಂದ ಇದು ಸಾಧ್ಯವಾಯಿತು.

ಕಸ ಎತ್ತುವ ಕೈಗಳು

ಕೊನೆಯದಾಗಿ ಒಂದು ಮಾತು. ಪ್ರವಾದಿವರ್ಯರ(ಸ) ಮಸೀದಿಯನ್ನು ಗುಡಿಸುತ್ತಿದ್ದ ಒಬ್ಬ ಕಪ್ಪು ಮಹಿಳೆಯಿದ್ದರು. ಅವರು ತೀರಿಕೊಂಡಾಗ, ಇದೇನು ದೊಡ್ಡ ವಿಷಯವೆಂದು ಸಹಾಬಿಗಳು ಪ್ರವಾದಿವರ್ಯರಿಗೆ(ಸ) ತಿಳಿಸದೆಯೇ ದಫನ ಮಾಡಿದರು. ಆಕೆ ಕಾಣಿಸುತ್ತಿಲ್ಲವಲ್ಲ ಎಂದು ವಿಚಾರಿಸಿದ ಪ್ರವಾದಿವರ್ಯರು(ಸ) ವಿಷಯ ತಿಳಿದಾಗ, ತನಗೇಕೆ ಹೇಳಲಿಲ್ಲವೆಂದು ಕೇಳಿ, ಆ ಸಮಾಧಿಯ ಬಳಿಗೇ ಹೋಗಿ ನಮಾಝ್ ನಿರ್ವಹಿಸಿದರು (ಬುಖಾರಿ, ಮುಸ್ಲಿಮ್). ಕಸ ಗುಡಿಸುವ ಕೈಯ ಬೆಲೆ ಅಲ್ಲಾಹನ ಪ್ರವಾದಿಯ(ಸ) ದೃಷ್ಟಿಯಲ್ಲಿ ಅಷ್ಟಿತ್ತು.

ಇಂದು ಅನೇಕ ಗ್ರಾಮ ಪಂಚಾಯತಿಗಳಲ್ಲಿ 'ಸ್ವಚ್ಛ ವಾಹಿನಿ' ಗಾಡಿಗಳು ಮನೆಮನೆಗೆ ಬರುತ್ತವೆ. ಹಲವು ಕಡೆ ಸ್ವಸಹಾಯ ಸಂಘದ ಹೆಣ್ಣುಮಕ್ಕಳೇ ಅವನ್ನು ಓಡಿಸುತ್ತಾರೆ. ನಮ್ಮ ದೂರು ಅವರ ಮೇಲಿನ ಆರೋಪವಾಗಬಾರದು. ಕೈಗವಸು ಸಿಗದ, ಸಂಬಳ ತಡವಾದ, ಗಾಡಿ ಕೆಟ್ಟುನಿಂತ ಕಾರಣದಿಂದ ತೊಟ್ಟಿ ತುಂಬಿದ್ದರೆ ಅದನ್ನೂ ನಮ್ಮ ಅರ್ಜಿಯಲ್ಲಿ ಸೇರಿಸಬೇಕು. ಗಾಜಿನ ಚೂರನ್ನು ಕಾಗದದಲ್ಲಿ ಸುತ್ತಿ ಬೇರೆಯಾಗಿ ಕೊಡುವುದೂ ತೊಂದರೆಯನ್ನು ನಿವಾರಿಸುವ ಕೆಲಸವೇ. ತೊಟ್ಟಿ ಸರಿಯಾದ ದಿನ ಪಂಚಾಯತಿಗೆ ಹೋಗಿ ಕೃತಜ್ಞತೆ ಹೇಳಿ ಬರುವುದನ್ನು ಮರೆಯಬಾರದು. ಜನರಿಗೆ ಕೃತಜ್ಞನಾಗದವನು ಅಲ್ಲಾಹನಿಗೂ ಕೃತಜ್ಞನಾಗಲಾರನೆಂದು ಪ್ರವಾದಿವರ್ಯರು(ಸ) ಕಲಿಸಿಲ್ಲವೇ?

ಸಹೋದರ ಸಹೋದರಿಯರೇ, ನಾಳೆ ಫಜ್ರ್‌ಗೆ ಹೋಗುವಾಗ ಆ ತೊಟ್ಟಿಯ ಮುಂದೆ ಒಂದು ನಿಮಿಷ ನಿಲ್ಲಿರಿ. ನೀವು ಕಂಡದ್ದು ನಿಮ್ಮ ಬಳಿಯಿರುವ ಸಾಕ್ಷ್ಯ. ಸಾಕ್ಷ್ಯವನ್ನು ಬಚ್ಚಿಡಬಾರದೆಂದು ಕುರ್‌ಆನ್ ಎಚ್ಚರಿಸಿದೆ (2:283). ಬೆಳಗ್ಗೆ ಕಚೇರಿ ತೆರೆದಾಗ ಆ ಸಾಕ್ಷ್ಯವನ್ನು ಅರ್ಧ ಪುಟದ ಕಾಗದದಲ್ಲಿ ಬರೆದು ತಲಪಿಸಿರಿ. 'ಯಾರಾದರೂ' ಹೇಳಿರುತ್ತಾರೆ ಎಂದು ಬೀದಿಯವರೆಲ್ಲ ನಂಬಿಕೊಂಡಿರುವ ಆ ವ್ಯಕ್ತಿ ನೀವೇ ಆಗಿರಿ.

ನಮ್ಮ ಮನಸ್ಸು, ಮನೆ ಮತ್ತು ಬೀದಿಗಳನ್ನು ಶುಚಿಯಾಗಿರಿಸಿಕೊಳ್ಳುವ ಭಾಗ್ಯವನ್ನು ಅಲ್ಲಾಹನು ನಮ್ಮೆಲ್ಲರಿಗೂ ಕರುಣಿಸಲಿ. ಆಮೀನ್.